ತೂಬು ಇಳಿಸಿದ ದಿನ

'ನಿಧಾನ' ಎಂಬ ಮಾತನ್ನು ಅವತ್ತು ನಾನು ಹೇಳಿದೆನೋ ಇಲ್ಲವೋ, ನನಗೆ ಈಗ ಖಚಿತವಿಲ್ಲ. ಏಳೆಂಟು ವರ್ಷಗಳಿಂದ ಹೇಳಿದೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳಿಗೆ ತರಬೇತಿ ಕೊಡುವಾಗ ಹೇಳಿದ್ದೇನೆ. ಮದುವೆಮನೆಗಳಲ್ಲಿ ಊಟದ ಪಂಕ್ತಿಗೆ ಕಾಯುವಾಗ ಹೇಳಿದ್ದೇನೆ. ರೈಲು ತಡವಾದ ಒಂದು ಸಂಜೆ ಶ್ರೀರಂಗಪಟ್ಟಣದ ಸ್ಟೇಷನ್ನಿನ ಬೆಂಚಿನ ಮೇಲೆ ಗುರುತಿಲ್ಲದವರೊಬ್ಬರಿಗೂ ಹೇಳಿದ್ದೇನೆ. ಕಥೆ ಇಷ್ಟೇ. ನಾಲೆಯ ಏರಿ ಸೋರತೊಡಗಿತ್ತು. ತೂಬನ್ನು ಒಮ್ಮೆಲೇ ಮುಚ್ಚಿ ಎಂದು ಎಲ್ಲರೂ ಕೂಗುತ್ತಿದ್ದರು. ನಾನು ತೂಬಿನ ಬಳಿ ನಿಂತು ಸೌಡಿಗೆ, 'ನಿಧಾನ, ನಿಧಾನವಾಗಿ ಇಳಿಸಿ' ಎಂದೆ. ಏರಿ ಉಳಿಯಿತು. ಸೌಡಿ ಎಂದರೆ ನಾಲೆಯ ತೂಬು ಎತ್ತಿ ಇಳಿಸುವ ನೀರುಗಂಟಿ. ನನ್ನ ಕಥೆಯಲ್ಲಿ ಅವರು ಹಿಡಿಕೆ ತಿರುಗಿಸುವ ಎರಡು ಕೈ ಮಾತ್ರ.

ಕಳೆದ ತಿಂಗಳು ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಮುಂದೆ ಒಬ್ಬ ಗೌಡರು ಸಿಕ್ಕರು. ಅವತ್ತು ಸೋರಿದ ಏರಿಯ ಕೆಳಗೇ ಅವರ ಗದ್ದೆ. ಮಗಳ ಮನೆಯ ಪಹಣಿ ಕೆಲಸಕ್ಕೆ ಬಂದಿದ್ದರಂತೆ. ಟೀ ಅಂಗಡಿಗೆ ಹೋದೆವು. ಕೂರುತ್ತಿದ್ದ ಹಾಗೆಯೇ, "ನಿಮ್ ಸೌಡಿ ಓಗ್ಬುಟ್ಟ ಕಣ್ರಿ ಇಂಜಿನಿಯರ್ರೇ, ಆಷಾಡ್ದಲ್ಲಿ" ಎಂದರು. ದುಃಖಕ್ಕೋ ಅಭ್ಯಾಸಬಲಕ್ಕೋ, ಅವರಿಗೂ ಅದೇ ಕಥೆ ಹೇಳತೊಡಗಿದೆ. ಗೌಡರು ತಾಳ್ಮೆಯಿಂದ ಕೇಳಿದರು. ಕೊನೆಗೆ ಗಲ್ಲ ಕೆರೆದುಕೊಂಡು, "ನೀವ್ಯಾವಾಗ ತೂಬ್ ತಾವ್ಕೆ ಓಗಿದ್ರಿ? ನನ್ ಪಕ್ದಲ್ಲೇ ನಿಂತಿದ್ರಲ್ಲ. ನಾನು ಬಯ್ದಿದ್ದೆಲ್ಲ ನಿಮ್ಗೇ ತಾನೇ?" ಎಂದರು.

ಅದರಲ್ಲಿ ಆರೋಪವೇನೂ ಇರಲಿಲ್ಲ. ಸಕ್ಕರೆ ಕಡಿಮೆಯಾಗಿದೆ ಎಂದು ಟೀಯವನನ್ನು ಕರೆದು, ಕಬ್ಬು ಕಟಾವಿನ ಸುದ್ದಿಗೆ ಹೋಗಿಬಿಟ್ಟರು. ನನ್ನ ಲೋಟ ಹಾಗೆಯೇ ತಣ್ಣಗಾಯಿತು.

ಅಂದಿನಿಂದ ಆ ಸೌಡಿಯನ್ನು ಮತ್ತೆ ಮೊದಲಿನಿಂದ ನೆನೆಯಲು ಯತ್ನಿಸುತ್ತಿದ್ದೇನೆ. ಎಷ್ಟು ನಿಜವಾದದ್ದು ಉಳಿದಿದೆಯೋ ಕಾಣೆ.

ನಾನು ಬೆಳಗೊಳದವನು. ಅಣೆಕಟ್ಟೆಯ ಬದಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ತೊಂಬತ್ತರ ದಶಕದ ಆರಂಭದಲ್ಲಿ ಕೆ.ಆರ್. ಪೇಟೆ ಕಡೆಯ ಒಂದು ಉಪನಾಲೆಗೆ ಕಿರಿಯ ಎಂಜಿನಿಯರನಾಗಿ ಹೋದಾಗ, ನೀರಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ಸೌಡಿ ನಾಗಮಂಗಲದ ಕಡೆಯವರು. ರಾಗಿ, ಹುರುಳಿ ಬೆಳೆಯುವ ಮನೆ. ಇಪ್ಪತ್ತು ದಾಟುವ ತನಕ ಹರಿಯುವ ನಾಲೆಯನ್ನೇ ಕಂಡಿರಲಿಲ್ಲವಂತೆ. ಕೆಲಸಕ್ಕೆ ಸೇರಿದ ಮೊದಲ ದಿನ ತೂಬಿನ ಹಿಡಿಕೆಯನ್ನು ಯಾವ ಕಡೆಗೆ ತಿರುಗಿಸಿದರೆ ಬಾಗಿಲು ಏಳುತ್ತದೆಂದು ಗೊತ್ತಿಲ್ಲದೆ, ಮುಚ್ಚು ಎಂದಾಗ ಎತ್ತಿ, ಯಾರದೋ ಭತ್ತದ ಸಸಿಯ ಒಟ್ಟಲು ನೀರುಪಾಲಾಗಿ ಬೈಸಿಕೊಂಡದ್ದನ್ನು ಅವರೇ ಹೇಳಿ ನಗುತ್ತಿದ್ದರು. ನಾನು ಹೋಗುವ ಹೊತ್ತಿಗೆ ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ಒಣಕಲು ಮೈ, ಗುಂಡಿ ಬದಲಾಯಿಸಿದ ಖಾಕಿ ಅಂಗಿ, ಹಳೆಯ ಸೈಕಲ್ಲು. ಚಪ್ಪಲಿ ಸೈಕಲ್ಲಿನ ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ರಸ್ತೆಯಲ್ಲಿ ತೊಡುತ್ತಿದ್ದರು, ಏರಿ ಹತ್ತುವಾಗ ಬಿಚ್ಚುತ್ತಿದ್ದರು.

ಏರಿಯನ್ನು ದೇವರೆಂದು ಭಾವಿಸಿ ಚಪ್ಪಲಿ ಬಿಡುತ್ತಾರೆಂದು ನಾನು ತಿಳಿದಿದ್ದೆ. ಸ್ವಲ್ಪ ವ್ಯಂಗ್ಯವಾಗಿಯೇ ಕೇಳಿದೆ. "ಭಕ್ತಿಗಿಕ್ತಿ ಏನಿಲ್ಲ ಸಾ. ಇಮ್ಮಡಿಗೆ ಗೊತ್ತಾಯ್ತದೆ" ಎಂದರು. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಬೀಡಿ ಹೊಸಕುವವರಂತೆ ಹಿಮ್ಮಡಿಯಿಂದ ಮಣ್ಣನ್ನು ಒತ್ತುತ್ತಿದ್ದರು. ಎಲ್ಲಾದರೂ ಮೆತ್ತಗೆ ಕಂಡರೆ ಅಲ್ಲೊಂದು ಕಡ್ಡಿ ನೆಟ್ಟು ಮುಂದೆ ಹೋಗಿ, ಮರುದಿನ ಕಡ್ಡಿಯ ಬುಡಕ್ಕೆ ಮತ್ತೆ ಹಿಮ್ಮಡಿ ಒತ್ತುತ್ತಿದ್ದರು. ನಿನ್ನೆಗೂ ಇವತ್ತಿಗೂ ವ್ಯತ್ಯಾಸವಿದ್ದರೆ ಮಾತ್ರ ನನಗೆ ವರದಿ.

ಏರಿಗೆ ಕಿವಿಯಿಟ್ಟು ಒಳಗಿನ ನೀರಿನ ಸದ್ದು ಕೇಳುವ ಸೌಡಿಗಳ ಬಗ್ಗೆ ನಮ್ಮ ಕಾಲೇಜಿನ ಮೇಷ್ಟರೊಬ್ಬರು ಹೇಳಿದ್ದರು. ಕಿವಿಯಿಟ್ಟರೆ ಏನು ಕೇಳುತ್ತದೆ ಎಂದು ಇವರನ್ನು ವಿಚಾರಿಸಿದೆ.

"ಇರುವೆ ಕಚ್ತದೆ ಸಾ."

ನಾನು ಅವರನ್ನು ಪರೀಕ್ಷಿಸುತ್ತಿದ್ದೆ ಎಂಬುದು ನಿಜ. ನೀರಿನ ಮಟ್ಟ ತೋರಿಸುವ ಗೇಜಿನ ಹಲಗೆಗೆ ಒಂದು ದಿನ ನನ್ನ ಟವೆಲ್ಲು ಸುತ್ತಿ, ಈಗ ನೀರು ಎಷ್ಟಿದೆ ಹೇಳಿ ಎಂದೆ. ಅವರು ಹೇಳಿದ್ದು ತಪ್ಪಾಯಿತು. ಇನ್ನೊಂದು ದಿನ ಮತ್ತೆ ಕೇಳಿದೆ, ಮತ್ತೆ ತಪ್ಪು. ಮೂವತ್ತು ವರ್ಷದ ಅನುಭವ ಇಷ್ಟೇನಾ ಎಂದು ಒಳಗೊಳಗೆ ಖುಷಿಪಟ್ಟೆ. ಅವರು ಟವೆಲ್ಲು ಬಿಚ್ಚಿ, ಹಿಂಡಿ, ನನ್ನ ಕೈಗೆ ಕೊಟ್ಟು, ಕಣ್ಣಂದಾಜಿಗೆ ಸಿಗುವುದಿಲ್ಲ ಎಂದೇ ಅಲ್ಲವೇ ಗೇಜು ನಿಲ್ಲಿಸಿರುವುದು ಎಂದರು. ಅವರಿಗೆ ತಮ್ಮ ತಪ್ಪಿನಿಂದ ಅವಮಾನವಾದಂತೆ ಕಾಣಲಿಲ್ಲ. ವಾರದ ನಂತರ ತಾವಾಗಿಯೇ ಬಂದು, ಆ ಎರಡು ಸಲವೂ ತಾವು ಕಡಿಮೆಯೇ ಹೇಳಿದ್ದನ್ನು ನೆನಪಿಸಿದರು. ಬಿಸಿಲು ನೇರವಾಗಿ ಬಿದ್ದಾಗ ನೀರು ತಗ್ಗಿದಂತೆ ಕಾಣುತ್ತದೇನೋ, ಬೆಳಗ್ಗೆ ಒಂದು ಸಲ ನೋಡಬೇಕು ಎಂದರು. ನಾನು ಆ ವಿಷಯ ಮರೆತೇಬಿಟ್ಟಿದ್ದೆ.

ಅವರಿಗೆ ತಪ್ಪುಗಳು ಚೆನ್ನಾಗಿ ನೆನಪಿರುತ್ತಿದ್ದವು. ಅದನ್ನು ಗಮನಿಸಿದ್ದು ತಡವಾಗಿ. ಬೇರೆ ಸೌಡಿಗಳು ತಾವು ಉಳಿಸಿದ ಏರಿಗಳ ಕಥೆ ಹೇಳಿದರೆ, ಇವರು ಕಳೆದುಕೊಂಡವುಗಳ ಕಥೆ ಹೇಳುತ್ತಿದ್ದರು.

ನೀರು ನಿಲ್ಲಿಸಿದ ಕಾಲದಲ್ಲಿ ಅವರದು ಇನ್ನೊಂದು ರೂಢಿ. ಬೇಸಿಗೆಯಲ್ಲಿ ಒಣಗಿದ ನಾಲೆಯೊಳಗೆ ಇಳಿದು, ಒಂದೊಂದು ಕಡೆ ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ನಾನು ಎರಡು ಬಾರಿ ನೋಡಿದೆ. ಮೂರನೆಯ ಬಾರಿ ಕೆಲಸದ ಹೊತ್ತಿನಲ್ಲಿ ಕಾಲಹರಣ ಎಂದು ಅವರಿಗೆ ಮೆಮೋ ಕೊಟ್ಟೆ. ಮೆಮೋವನ್ನು ಅವರು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. ನನ್ನನ್ನು ಕರೆದುಕೊಂಡು ಹೋಗಿ ನಾಲೆಯೊಳಗೆ ಕೂರಿಸಿದರು. ಒಳಗಿನ ಇಳಿಜಾರಿನಲ್ಲಿ, ಮುದ್ದೆಯನ್ನು ಬೆರಳಿಂದ ಮುರಿದಂತೆ, ಮಣ್ಣಿನ ಹೋಳೊಂದು ಕೆಳಕ್ಕೆ ಜರಿದು ನಿಂತಿತ್ತು. "ನೀರಿದ್ದಾಗ ಏರಿ ಸುಳ್ಳೇಳ್ತದೆ ಸಾ. ಒಣಗ್ದಾಗ ಬಂದು ಕೇಳ್ಬೇಕು" ಎಂದರು.

ಹಳೆಯ ತಪ್ಪೊಂದನ್ನು ಹೇಳಿದ್ದು ಅಲ್ಲಿ ಕುಳಿತೇ. ಸೇರಿದ ಮೂರನೆಯದೋ ನಾಲ್ಕನೆಯದೋ ವರ್ಷ, ತಂಗಿಯ ಮದುವೆಗೆ ನಾಗಮಂಗಲದ ಬಸ್ಸು ಹಿಡಿಯುವ ಅವಸರದಲ್ಲಿ, ತುಂಬಿ ಹರಿಯುತ್ತಿದ್ದ ನಾಲೆಯ ತೂಬನ್ನು ಒಂದೇ ಉಸಿರಿಗೆ ಪೂರ್ತಿ ಮುಚ್ಚಿ ಹೋಗಿದ್ದರಂತೆ. ಮದುವೆ ಮುಗಿಸಿ ಬಂದರೆ ಏರಿಯ ಒಳಮೈ ಉದ್ದಕ್ಕೆ ಜಾರಿ ಕುಳಿತಿತ್ತು. ಎಲ್ಲರೂ ಏಡಿ ಬಿಲವನ್ನು ದೂರಿದರು, ಇಲಿಗಳನ್ನು ದೂರಿದರು. ಇವರಿಗೆ ಮಾತ್ರ ಅನುಮಾನ ಬಂತು. ಯಾರಿಗೂ ಹೇಳಲಿಲ್ಲ. ಮುಂದಿನ ಹಂಗಾಮಿನಲ್ಲಿ ತಮ್ಮ ವಸತಿಯ ಹಿಂದೆ ಅಕ್ಕಪಕ್ಕ ಹರಿಯುವ ಎರಡು ಹೊಲಗಾಲುವೆಗಳನ್ನು ಆರಿಸಿಕೊಂಡು, ಒಂದನ್ನು ದಿಢೀರನೆ ಮುಚ್ಚಿದರು, ಇನ್ನೊಂದನ್ನು ಒಂದೊಂದೇ ಹಲಗೆ ಇಳಿಸಿ ನಿಧಾನವಾಗಿ. ಒಂದು ಸಲವಲ್ಲ, ಆ ಹಂಗಾಮು ಪೂರ್ತಿ. ದಿಢೀರನೆ ಮುಚ್ಚಿದ್ದರ ಬದು ಮೂರು ಕಡೆ ಜಾರಿತು, ಇನ್ನೊಂದರದು ಒಂದು ಕಡೆ.

"ಒಂದ್ಕಡೆ ಯಾಕೆ ಜಾರ್ತು ಅಂತ ಇವತ್ಗೂ ಗೊತ್ತಿಲ್ಲ ಕಣ್ ಸಾ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎನ್ನುವಾಗಲೇ ಈಗ ಅಂಜಿಕೆಯಾಗುತ್ತದೆ.

ನೀರು ವೇಗವಾಗಿ ತಗ್ಗಿದರೆ ನೆನೆದ ಏರಿ ಒಳಕ್ಕೆ ಜಾರುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ, ಬಾಣಗಳ ಗುರುತು ಹಾಕಿ, ಒಳ್ಳೆಯ ಅಂಕ ಪಡೆದಿದ್ದೆ. ಆದರೆ ಅವರ ಎರಡು ಕಾಲುವೆಗಳ ಕಥೆ ಕೇಳುವಾಗ ಅದೂ ಇದೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಮುಂದೆ ಅವತ್ತು ಹಾಗೆ ಆಗುತ್ತಿರಲಿಲ್ಲ.

ಅದು ನಾಟಿ ಮುಗಿದ ಕಾಲ. ನಾಲೆ ತುಂಬಿತ್ತು. ಬೆಳಗ್ಗೆ ತಿಂಡಿಗೆ ಕೂರುವ ಹೊತ್ತಿಗೆ ಗೌಡರು ಮೊಪೆಡ್ಡಿನಲ್ಲಿ ಬಂದು, "ನಿಮ್ ಏರಿ ಉಚ್ಚೆ ಉಯ್ತಾ ಕುಂತದೆ, ಎದ್ ಬನ್ನಿ" ಎಂದರು. ನಾಲೆ ಒಂದು ಹಳ್ಳವನ್ನು ದಾಟುವಲ್ಲಿ ಎರಡೂ ಬದಿಗೆ ಎತ್ತರದ ಏರಿ ಕಟ್ಟಿದ್ದರು. ಏರಿಯ ಕೆಳಗೆ ಗೌಡರ ಗದ್ದೆ, ಗದ್ದೆಯಾಚೆ ಒಂದು ಕೇರಿಯಷ್ಟು ಮನೆಗಳು. ತೂಬು ಅಲ್ಲಿಂದ ಎರಡು ಮೈಲಿ ಮೇಲಕ್ಕೆ, ಗುಡ್ಡದ ತಿರುವಿನಾಚೆ ಮರೆಯಾಗಿತ್ತು. ನಾನು ಬೈಕಿನಲ್ಲಿ ಹೋಗುವಷ್ಟರಲ್ಲಿ ಸೌಡಿ ಅಲ್ಲಿದ್ದರು.

ಏರಿಯ ಬುಡದಲ್ಲಿ ತೋಳಿನಷ್ಟು ದಪ್ಪದ ನೀರು ಬುಗ್ಗೆಯಂತೆ ಏಳುತ್ತಿತ್ತು. ಅವರು ಕುಕ್ಕರಗಾಲಿನಲ್ಲಿ ಕುಳಿತು ಬೊಗಸೆಯಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. ತಿಳಿನೀರು ಬಂದರೆ ಏರಿ ಬೆವರುತ್ತಿದೆ ಎಂದರ್ಥ, ಇದು ಕದಡು, ಒಳಗೆ ಮಣ್ಣು ಕರಗುತ್ತಿದೆ ಎಂದರು. ಗೌಡರ ಆಳುಗಳು ಆಗಲೇ ಮಣ್ಣು ತುಂಬಿದ ಚೀಲಗಳನ್ನು ತಂದು ಬುಗ್ಗೆಗೆ ಗಿಡಿಯಲು ನಿಂತಿದ್ದರು. ನಾನೂ ಅದನ್ನೇ ಹೇಳುವವನಿದ್ದೆ.

"ಮೂಗು ಮುಚ್ಚಿದ್ರೆ ಬಾಯಲ್ಲಿ ಬತ್ತದೆ ಕಣ್ಲಾ. ಚೀಲ ಆ ಕಡೀಕ್ ಮಡಗು" ಎಂದು ಸೌಡಿ ಆಳುಗಳನ್ನು ತಡೆದರು. ಹುಲ್ಲು ತರಿಸಿ ಬುಗ್ಗೆಯ ಸುತ್ತ ಹರಡಿದರು, ಅದರ ಮೇಲೆ ಜಲ್ಲಿ ಸುರಿಸಿದರು. ನೀರು ಬರಲಿ, ಮಣ್ಣು ಬರಬಾರದು, ಅಷ್ಟೇ ಅವರ ಲೆಕ್ಕ.

ಆಗ ನಾನು, ಹೋಗಿ ತೂಬನ್ನು ಪೂರ್ತಿ ಮುಚ್ಚಿಬಿಡಿ ಎಂದೆ. ಇಲ್ಲಿಯವರೆಗೆ ನನ್ನ ನೆನಪಿಗೂ ಗೌಡರ ಮಾತಿಗೂ ಜಗಳವಿಲ್ಲ. ಸೌಡಿ ಎದ್ದು ಕೈ ಒರೆಸಿಕೊಂಡರು.

"ಒಂದೇ ಏಟ್ಗೆ ಬ್ಯಾಡ ಸಾ. ನೀರು ಏರಿಗೆ ಒರಗ್ಕಂಡು ನಿಂತದೆ. ದಿಢೀರ್ನೆ ಎಳ್ಕಂಡ್ರೆ ನೆಂದಿರೋ ಮಣ್ಣು ಒಳೀಕೆ ಜಾರ್ಬುಡ್ತದೆ. ಆಮೇಲೆ ಈ ತೂತು ಹಿಡಿಯೋಕೆ ಏರೀನೇ ಇರಾಕಿಲ್ಲ. ಒಂದ್ಸಲ ಮಾಡಿ ಕೆಟ್ಟಿವ್ನಿ."

ಇದಕ್ಕೆ ನಾನೇನು ಉತ್ತರ ಕೊಟ್ಟೆ? ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಗೌಡರ ಎದುರಿಗೆ ಚಿಕ್ಕವನಾಗಬಾರದೆಂದು, ಮುಚ್ಚಿ ಎಂದರೆ ಮುಚ್ಚಿ ಎನ್ನುತ್ತೇನೆ. ಇನ್ನೊಂದರಲ್ಲಿ ನಾನು ತೂಬಿನ ಕಟ್ಟೆಯ ಮೇಲೆ ಅವರ ಪಕ್ಕ ನಿಂತಿದ್ದೇನೆ. ಅವರು ಎರಡು ಸುತ್ತು ಇಳಿಸಿ, ಕುಳಿತು, ಒಂದು ಬೀಡಿ ಮುಗಿಯುವ ತನಕ ಕಾದು, ಮತ್ತೆ ಎರಡು ಸುತ್ತು ಇಳಿಸುತ್ತಾರೆ. ನಾನು 'ನಿಧಾನ' ಎನ್ನುತ್ತೇನೆ. ಬೀಡಿಯ ತುದಿಯ ಬೂದಿ ಕೂಡ ನನಗೆ ಕಾಣುತ್ತದೆ. ಅಲ್ಲಿಗೆ ಹೋಗದೆ ಇದ್ದರೆ ಹೇಗೆ ಕಂಡಿತು? ಮರುದಿನ ಅವರು ಬೀಡಿಯ ಲೆಕ್ಕದಲ್ಲಿ ಇಳಿಸಿದ್ದನ್ನು ಹೇಳಿದರೆಂದು ಕಾಣುತ್ತದೆ. ಕೇಳಿದ್ದಕ್ಕೆ ನಾನೇ ಬಣ್ಣ ತುಂಬಿ, ಆ ಚಿತ್ರದಲ್ಲಿ ನನ್ನನ್ನೂ ನಿಲ್ಲಿಸಿಕೊಂಡೆನೇ?

ಸೈಕಲ್ಲು ಏರಿಯ ಮೇಲೆ ದೂರವಾದದ್ದು, ಹ್ಯಾಂಡಲಿನಲ್ಲಿ ಚಪ್ಪಲಿ ತೂಗಾಡಿದ್ದು, ಅದು ಮಾತ್ರ ಎರಡೂ ನೆನಪುಗಳಲ್ಲಿದೆ.

ಆಮೇಲಿನ ಗಂಟೆಗಳು ಮೊದಲನೆಯ ನೆನಪಿಗೆ ಸೇರಿದವು, ಅದರಲ್ಲಿ ನಾನು ಏರಿಯ ಬಳಿಯೇ ಉಳಿದಿದ್ದೇನೆ. ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚಿ ನೋಡುತ್ತಾ ನಿಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀರು ಒಂದು ಬೆರಳಿನಷ್ಟು ಇಳಿಯಿತು. ಬುಗ್ಗೆ ಕದಡಾಗಿಯೇ ಇತ್ತು. ಕೇರಿಯವರು ಮಕ್ಕಳನ್ನೂ ದನಗಳನ್ನೂ ದಿಬ್ಬದ ಕಡೆಗೆ ಸಾಗಿಸುತ್ತಿದ್ದರು. ಒಬ್ಬ ಮುದುಕಿ ಬೀಸುವ ಕಲ್ಲನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದಳು. ಗೌಡರು ಸುಮ್ಮನಿರುವವರಲ್ಲ. "ನಿಮ್ ಸೌಡಿ ತೂಬ್ ಮುಚ್ತಾವ್ನೋ, ತೂಬ್ಗೆ ತಾಳಿ ಕಟ್ತಾವ್ನೋ?" ಎಂದರು. ಆಳುಗಳು ನಕ್ಕರು. ನನಗೆ ನಗು ಬರಲಿಲ್ಲ. ಏರಿ ಹೋದರೆ ಬರೆಯಬೇಕಾದ ವರದಿಯ ವಾಕ್ಯವನ್ನು ಮನಸ್ಸು ಆಗಲೇ ಜೋಡಿಸತೊಡಗಿತ್ತು: 'ಮೌಖಿಕ ಆದೇಶವನ್ನು ಪಾಲಿಸದ ಕಾರಣ'. ಇಷ್ಟು ನೀಚವಾದದ್ದು ಆಗಲೇ ಹೊಳೆಯಿತೋ, ಗೌಡರು ಟೀ ಅಂಗಡಿಯಲ್ಲಿ ಆ ಮಾತು ಹೇಳಿದ ಮೇಲೆ ನನ್ನನ್ನು ನಾನೇ ಹಳಿಯಲು ಸೇರಿಸಿಕೊಂಡೆನೋ, ಅದನ್ನೂ ಆಣೆ ಮಾಡಿ ಹೇಳಲಾರೆ.

ಮಧ್ಯಾಹ್ನದ ಬಿಸಿಲು ವಾಲುವ ಹೊತ್ತಿಗೆ ಬುಗ್ಗೆಯ ನೀರು ತಿಳಿಯಾಯಿತು. ಆಮೇಲೆ ಬೆರಳಿನಷ್ಟಾಯಿತು, ಆಮೇಲೆ ಹನಿಯಾಯಿತು. ಮುದುಕಿ ಕುಳಿತಲ್ಲೇ ಇದ್ದಳು.

ಸಂಜೆ ಮೇಲಧಿಕಾರಿ ಜೀಪಿನಲ್ಲಿ ಬಂದು ನೋಡಿ, ಒಮ್ಮೆಲೇ ಮುಚ್ಚದೆ ಹಂತ ಹಂತವಾಗಿ ಇಳಿಸಿದ್ದು ಒಳ್ಳೆಯದಾಯಿತು ಎಂದು ನನ್ನ ಭುಜ ತಟ್ಟಿದರು. ಸೌಡಿ ಇನ್ನೂ ತೂಬಿನಿಂದ ಬಂದಿರಲಿಲ್ಲ. ನಾನು ಇಲ್ಲ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ. ಬಹುಶಃ ಕಥೆ ಹುಟ್ಟಿದ್ದು ಆ ಭುಜದ ಮೇಲೆ.

ಏರಿ ಉಳಿಯಿತು ಎಂದ ಮಾತ್ರಕ್ಕೆ ಸೌಡಿ ಹೇಳಿದ್ದೇ ಸರಿ ಎಂದು ಸಾಬೀತಾಗುವುದಿಲ್ಲ ಎಂದು ಬಹಳ ದಿನ ವಾದಿಸಿಕೊಂಡಿದ್ದೇನೆ. ಒಮ್ಮೆಲೇ ಮುಚ್ಚಿದ್ದರೂ ಉಳಿಯುತ್ತಿತ್ತೇನೋ. ಆದರೆ ಮರುದಿನ ನಾಲೆ ಖಾಲಿಯಾದ ಮೇಲೆ ಅವರು ನನ್ನನ್ನು ಒಳಗೆ ಇಳಿಸಿ, ಏರಿಯ ಒಳಮೈಯಲ್ಲಿ ಉದ್ದಕ್ಕೆ ಹಾದುಹೋದ ಕೂದಲೆಳೆಯ ಬಿರುಕನ್ನು ತೋರಿಸಿದರು. ಬಿರುಕಿಗೆ ಉಗುರು ಹಾಕಿ ಆಳ ನೋಡಿದರು. ಊರೆಲ್ಲ ಹೊಗಳುತ್ತಿದ್ದ ಬೆಳಗ್ಗೆ ಅವರ ಮುಖದಲ್ಲಿದ್ದದ್ದು ಬೇಸರ.

"ಒಸಿ ಜಲ್ದಿ ಆಯ್ತು ಸಾ. ಕೊನೇ ಎರಡು ಸುತ್ತು. ಭಯ ಆಗ್ಬುಡ್ತು" ಎಂದರು.

ಭಯವಾಯಿತು ಎಂದು ಅವರ ಬಾಯಿಂದ ಕೇಳಿದ್ದು ಅದೊಂದೇ ಸಲ. ನಾನು ಭಯಪಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಶ್ರೀರಂಗಪಟ್ಟಣಕ್ಕೆ ವರ್ಗವಾದೆ, ಅವರು ನಿವೃತ್ತರಾದರು. ಒಮ್ಮೆ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಚಪ್ಪಲಿ ಕಾಲಲ್ಲೇ ಇತ್ತು, ಅದೇಕೋ ಅಪರಿಚಿತರಂತೆ ಕಂಡರು. ಅವತ್ತಿನ ಸಂಗತಿಯನ್ನು ಹೊಸ ಎಂಜಿನಿಯರುಗಳಿಗೆ ಪಾಠ ಮಾಡುತ್ತಿದ್ದೇನೆ ಎಂದೆ. ಏನೆಂದು ಹೇಳುತ್ತೀರಿ ಎಂದು ಕೇಳಿದರು. ನಿಧಾನವಾಗಿ ಇಳಿಸಬೇಕು ಎಂದು ಹೇಳುತ್ತೇನೆ ಎಂದೆ. ಯಾರು ಹೇಳಿದ್ದು, ಯಾರು ಇಳಿಸಿದ್ದು ಎಂಬ ಭಾಗವನ್ನು ಅವರ ಮುಂದೆ ನುಂಗಿಕೊಂಡೆ.

"ಎಷ್ಟು ನಿಧಾನ ಅಂತ ಯೋಳಿ ಸಾ. ಬರೀ ನಿಧಾನ ಅಂದ್ರೆ ಅವ್ರಿಗೇನ್ ತಿಳೀತದೆ? ನಾಲೆ ನೋಡ್ಕಂಡು, ಮಣ್ಣು ನೋಡ್ಕಂಡು. ಎರೆ ಮಣ್ಗೇ ಬ್ಯಾರೆ, ಕೆಮ್ಮಣ್ಗೇ ಬ್ಯಾರೆ."

ನಾಗಮಂಗಲದ ಬಸ್ಸು ಬಂತು. ಹತ್ತಿದ ಮೇಲೂ ಕಿಟಕಿಯಿಂದ ಕೈಬೆರಳಿನಲ್ಲಿ ಏನೋ ಅಳತೆ ತೋರಿಸುತ್ತಿದ್ದರು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿತು ಎಂಬಂತೆ ತಲೆಯಾಡಿಸಿದೆ.

ಗೌಡರು ಸಿಕ್ಕಿಹೋದ ಮುಂದಿನ ಶನಿವಾರ ಪಾಂಡವಪುರದ ಮೇಲೆ ಬಸ್ಸು ಹಿಡಿದು ಹಳೆಯ ಶಾಖಾ ಕಚೇರಿಗೆ ಹೋದೆ. ಯಾರನ್ನು ಕೇಳಿದರೂ ನೆನಪಿನ ಮೇಲೆ ನೆನಪು ಪೇರಿಸಿದಂತೆಯೇ. ಬರೆದದ್ದೇನಾದರೂ ಉಳಿದಿದೆಯೇ ನೋಡಬೇಕಿತ್ತು. ಈಗಿನ ಸೌಡಿ ಹಿಂದಿನ ಶೆಡ್ಡಿನ ಬೀಗ ತೆಗೆದು, ಸೆಣಬಿನ ದಾರದಲ್ಲಿ ಕಟ್ಟಿಟ್ಟ ತೂಬಿನ ಪುಸ್ತಕಗಳನ್ನು ತೋರಿಸಿದ. ಗೆದ್ದಲು ಅಂಚನ್ನಷ್ಟೇ ತಿಂದಿತ್ತು. ಪ್ರತಿ ಸಾಲಿನಲ್ಲಿ ಹೊತ್ತು, ತಿರುಗಿಸಿದ ಸುತ್ತು, ನೀರಿನ ಮಟ್ಟ, ಕೊನೆಯಲ್ಲಿ ಯಾರ ಆದೇಶ ಎಂಬ ಅಂಕಣ. ಅವರ ದುಂಡು ಅಕ್ಷರ. ಪುಟಗಟ್ಟಲೆ ಆ ಕೊನೆಯ ಅಂಕಣದಲ್ಲಿ 'ಸಾಹೇಬರು', 'ಸಾಹೇಬರು' ಎಂದೇ ಇತ್ತು. ಆ ದಿನದ ಪುಟ ಸಿಕ್ಕಿತು. ಎರಡು ಸುತ್ತು, ಎರಡು ಸುತ್ತು, ಎರಡು ಸುತ್ತು ಎಂದು ಪುಟದ ತುಂಬ ಸಾಲುಗಳು. ಪ್ರತಿ ಸಾಲಿನ ಕೊನೆಗೂ ಒಂದೇ ಪದ: 'ಸ್ವಂತ'.

ಏರಿ ಹೋಗಿದ್ದರೆ ಅವರ ಕೆಲಸವನ್ನೂ ಪಿಂಚಣಿಯನ್ನೂ ಕಳೆಯಲು ಆ ಒಂದು ಪದ ಸಾಕಾಗಿತ್ತು. ಹಿಡಿಕೆ ಮುಟ್ಟುವ ಮುಂಚೆ ಆದೇಶ ಬರೆಯಬೇಕು ಎಂಬುದು ನಿಯಮ. ಅವರು ಆಗಲೇ ಬರೆದರೋ, ಏರಿ ನಿಂತ ಮೇಲೆ ಬರೆದರೋ, ಈಗ ತಿಳಿಯುವ ದಾರಿಯಿಲ್ಲ.

ತಿಳಿದದ್ದು ಒಂದೇ. ವಾರಕ್ಕೊಮ್ಮೆ ಎಂಜಿನಿಯರು ಪುಸ್ತಕ ಓದಿ ಸಹಿ ಮಾಡಬೇಕಿತ್ತು. ಬಾಗಿಲಿನ ಬೆಳಕಿಗೆ ಹಿಡಿದು, ಜೇಬಿನಲ್ಲಿದ್ದ ನನ್ನ ಗುರುತಿನ ಚೀಟಿಯ ಸಹಿಯ ಪಕ್ಕ ಇಟ್ಟು, ಎರಡು ಸಲ ಹೋಲಿಸಿ ನೋಡಿದೆ. ಆ ಪುಟದ ಕೆಳಗೆ ಹಸಿರು ಶಾಯಿಯಲ್ಲಿ 'ಓದಿ ಪರಿಶೀಲಿಸಿದೆ' ಎಂದು ಬರೆದ ಅಕ್ಷರವೂ ಅದರ ಕೆಳಗಿನ ಸಹಿಯೂ ನನ್ನವು.